ಗ್ರಹ ಹುಟ್ಟುವುದನ್ನು ನೋಡಲು ಯಾಕಿಷ್ಟು ತಡವಾಯಿತು?

ಫೆಬ್ರವರಿಯಲ್ಲಿ ವಿಜ್ಞಾನ ದಿನ ಬಂತೆಂದರೆ ಪುಣೆಯ ನಮ್ಮ ಕನ್ನಡದ ಮನೆಗಳಿಂದಲೂ ಮಕ್ಕಳು ನಾರಾಯಣಗಾಂವ್ ಹತ್ತಿರದ ಖೋಡದ್‌ಗೆ ಹೋಗುತ್ತಾರೆ. ಅಲ್ಲಿರುವ ಜಿಎಂಆರ್‌ಟಿ ಎಂಬ ರೇಡಿಯೋ ದೂರದರ್ಶಕದ 45 ಮೀಟರ್ ಅಗಲದ ಆಂಟೆನಾ ಕಂಡಾಗ ಅವರಿಗೆ ಏಳುವ ಪ್ರಶ್ನೆ ಸಹಜವೇ: ಹೊಸ ಗ್ರಹ ಹುಟ್ಟುವುದು ಇದರಲ್ಲಿ ಕಾಣುತ್ತದಾ?

ಗ್ರಹಗಳೆಲ್ಲ ಸೂರ್ಯನನ್ನು ಒಂದೇ ದಿಕ್ಕಿಗೆ, ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಸುತ್ತುತ್ತವೆ. ಹಾಗಾದರೆ ಅವು ತಿರುಗುವ ಅನಿಲ, ಧೂಳಿನ ರಾಶಿಯಿಂದಲೇ ಹುಟ್ಟಿರಬೇಕು ಎಂದು 1755ರಲ್ಲಿ ತತ್ವಜ್ಞಾನಿ ಕಾಂಟ್, 1796ರಲ್ಲಿ ಗಣಿತಜ್ಞ ಲಾಪ್ಲಾಸ್ ಊಹಿಸಿದರು. ನಡುವೆ ಈ ಊಹೆ ಮೂಲೆಗೆ ಬಿತ್ತು. 1969ರಲ್ಲಿ ರಷ್ಯಾದ ವಿಜ್ಞಾನಿ ಸಾಫ್ರೊನೊವ್ ಧೂಳಿನಿಂದ ಗ್ರಹದವರೆಗಿನ ಲೆಕ್ಕವನ್ನೇ ಬರೆದಿಟ್ಟರು.

ಆ ಲೆಕ್ಕದಲ್ಲಿ ಒಂದು ಕಲ್ಲು ಅಡ್ಡ ಬಂತು. ಮಂಚದಡಿಯ ಧೂಳಿನ ಹಾಗೆ ಸಣ್ಣ ಕಣಗಳು ಸುಮ್ನೆ ಅಂಟಿಕೊಳ್ಳುತ್ತವೆ, ಸರಿ. ಆದರೆ ಕಲ್ಲು ಸುಮಾರು ಒಂದು ಮೀಟರ್ ಆದಾಗ ಕಷ್ಟ ಶುರು. ಸುತ್ತಲಿನ ಅನಿಲ ಕಲ್ಲಿಗಿಂತ ತುಸು ನಿಧಾನವಾಗಿ ಸುತ್ತುತ್ತದೆ. ಕಲ್ಲಿಗೆ ಸದಾ ಎದುರುಗಾಳಿ. ವೇಗ ಕಳೆದುಕೊಂಡು ನೂರಿನ್ನೂರು ವರ್ಷಗಳಲ್ಲೇ ಅದು ನಕ್ಷತ್ರಕ್ಕೆ ಬಿದ್ದುಬಿಡುತ್ತದೆ. 1977ರಲ್ಲಿ ವಿಜ್ಞಾನಿ ವೈಡೆನ್‌ಶಿಲ್ಲಿಂಗ್ ತೋರಿಸಿದ ಈ ತೊಡಕು ಬಹುಕಾಲ ಬಗೆಹರಿಯಲಿಲ್ಲ. 2005ರಲ್ಲಿ ಯೂಡಿನ್ ಮತ್ತು ಗುಡ್‌ಮನ್ ಒಂದು ದಾರಿ ಸೂಚಿಸಿದರು: ಚೂರುಗಳು ಗುಂಪುಗೂಡಿದರೆ ಎದುರುಗಾಳಿಯ ಪೆಟ್ಟು ಕಡಿಮೆ, ಗುಂಪಿಗೆ ಇನ್ನಷ್ಟು ಬಂದು ಸೇರುತ್ತವೆ, ಕೊನೆಗೆ ತಮ್ಮದೇ ಸೆಳೆತಕ್ಕೆ ಕುಸಿದು ದೊಡ್ಡ ಬಂಡೆಯಾಗುತ್ತವೆ. ನನಗೆ ಈ ಕಥೆಯ ತಿರುವು ಇದೇ.

ಕಣ್ಣಿಗೆ ಕಂಡಿದ್ದು 2014ರಲ್ಲಿ. ಸುಮಾರು 450 ಜ್ಯೋತಿರ್ವರ್ಷ ದೂರದ ಎಚ್‌ಎಲ್ ಟೌರಿ ಎಂಬ ಎಳೆಯ ನಕ್ಷತ್ರದ ಸುತ್ತ, ಧೂಳಿನ ತಟ್ಟೆಯಲ್ಲಿ ಒಂದರೊಳಗೊಂದು ಉಂಗುರಗಳು, ಗ್ರಹಗಳು ಹುಟ್ಟುತ್ತಿರಬಹುದಾದ ಗುರುತು! ಈ ಚಿತ್ರ ತೆಗೆದದ್ದು ಚಿಲಿಯ ಆಲ್ಮಾ ಎಂಬ ರೇಡಿಯೋ ದೂರದರ್ಶಕ. ತಣ್ಣಗಿನ ಧೂಳು ಮಿಲಿಮೀಟರ್ ಅಲೆಗಳಲ್ಲಿ ಚೆನ್ನಾಗಿ ಹೊಳೆಯುತ್ತದೆ. ಖೋಡದ್‌ನ ಆಂಟೆನಾ ಹಿಡಿಯುವುದು ಮೀಟರ್ ಲೆಕ್ಕದ ಉದ್ದದ ಅಲೆಗಳನ್ನು. ಅದರ ಕೆಲಸವೇ ಬೇರೆ. ಗಾಳಿಯ ತೇವ ಮಿಲಿಮೀಟರ್ ಅಲೆಗಳನ್ನು ನುಂಗುತ್ತದೆ, ಅದಕ್ಕೇ ಆಲ್ಮಾ 5000 ಮೀಟರ್ ಎತ್ತರದ ಮರುಭೂಮಿಯಲ್ಲಿ ಕೂತಿದೆ. 2018ರಲ್ಲಿ ಇನ್ನೊಂದು ದೂರದರ್ಶಕ ಪಿಡಿಎಸ್ 70 ಎಂಬ ಎಳೆಯ ನಕ್ಷತ್ರದ ತಟ್ಟೆಯೊಳಗೆ ಬೆಳೆಯುತ್ತಿರುವ ಗ್ರಹವನ್ನೇ ಹಿಡಿಯಿತು.

2025ರಲ್ಲಿ ಇನ್ನೂ ಹಿಂದಿನ ಹಂತಕ್ಕೆ ಹೋದೆವು. ಸುಮಾರು 1300 ಜ್ಯೋತಿರ್ವರ್ಷ ದೂರದ ಹಾಪ್ಸ್-315 ಎಂಬ ಎಳೆಯ ನಕ್ಷತ್ರದ ಸುತ್ತ, ಬಿಸಿ ಅನಿಲ ತಣಿದು ಮೊದಮೊದಲ ಖನಿಜ ಕಣಗಳು ಗಟ್ಟಿಯಾಗುತ್ತಿರುವ ಗುರುತು ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕ ಮತ್ತು ಆಲ್ಮಾಗೆ ಸಿಕ್ಕಿತು. ನಮ್ಮ ಸೌರಮಂಡಲದಲ್ಲಿ ಇದು ನಡೆದು 450 ಕೋಟಿ ವರ್ಷಕ್ಕೂ ಜಾಸ್ತಿ ಆಯಿತು.

ಈ ಕಣಕ್ಕೂ ಪಿಡಿಎಸ್ 70ರ ಗ್ರಹಕ್ಕೂ ನಡುವಿನ ಕಿಲೋಮೀಟರ್ ಗಾತ್ರದ ಬಂಡೆಗಳು ಮಾತ್ರ ಯಾವ ದೂರದರ್ಶಕಕ್ಕೂ ಕಾಣುವುದಿಲ್ಲ. ಅಷ್ಟು ದೂರಕ್ಕೆ ಅವುಗಳ ಬೆಳಕು ಸಾಲದು. ಆ ಹಂತವನ್ನು ಈಗಲೂ ಕಂಪ್ಯೂಟರಿನಲ್ಲೇ ಲೆಕ್ಕ ಹಾಕುತ್ತಾರೆ.