ಡಖಾವ್‌ನಲ್ಲಿ ಬರೆಸಿದ ಪಟ್ಟಿ

ಹಳೆಯ ದಾಖಲೆ ಯಾವುದೇ ಇರಲಿ, ಇದನ್ನು ಯಾರಿಗೋಸ್ಕರ ಬರೆದರು ಅಂತ ನಾನು ಮೊದಲು ನೋಡುತ್ತೇನೆ. ಮೌಖಿಕ ಇತಿಹಾಸ ಕಲಿಯಲು ಬರುವ ಹುಡುಗರಿಗೆ ಇದನ್ನು ಹೇಳಿಕೊಡಲು 1945ರ ಡಖಾವ್ ಪಟ್ಟಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಮ್ಯೂನಿಕ್ ಹತ್ತಿರದ ಈ ನಾಜಿ ಶಿಬಿರದಿಂದ ಅಮೆರಿಕದ ಸೇನೆ ಏಪ್ರಿಲ್ 29ರಂದು ಕೈದಿಗಳನ್ನು ಬಿಡಿಸಿತು. ಮೇ ತಿಂಗಳಲ್ಲಿ ಏಬ್ರಹಾಂ ಕ್ಲಾಸ್ನರ್ ಅಲ್ಲಿಗೆ ಬಂದರು. ಸೇನೆಯಲ್ಲಿದ್ದ ಯಹೂದಿ ಧರ್ಮಗುರು, ಅಂದರೆ ರಬ್ಬಿ, ವಯಸ್ಸು ಮೂವತ್ತು. ಬ್ಯಾರಕ್ಕಿನೊಳಗೆ ಕಾಲಿಟ್ಟರೆ ಜನ ತಮ್ಮವರ ಬಗ್ಗೆ ಕೇಳತೊಡಗಿದರು. ನನ್ನ ಒಡಹುಟ್ಟಿದವನೂ ಅಮೆರಿಕದ ಸೇನೆಯಲ್ಲಿ ರಬ್ಬಿ, ನಿಮಗೆ ಗೊತ್ತಾ ಅಂತ ಒಬ್ಬಾತ ವಿಚಾರಿಸಿದ. ಕ್ಲಾಸ್ನರ್‌ಗೆ ನಿಜಕ್ಕೂ ಗೊತ್ತಿತ್ತು! ಎಲ್ಲರಿಗೂ ಇಂಥ ಅದೃಷ್ಟ ಎಲ್ಲಿಂದ ಬರಬೇಕು?

ಬದುಕುಳಿದವರ ಹೆಸರುಗಳನ್ನು ಅವರು ಬರೆಸತೊಡಗಿದರು. ನಡುವೆ ಅವರ ಘಟಕವನ್ನು ಬೇರೆಡೆಗೆ ಕಳಿಸಿದರು. ಈ ಮನುಷ್ಯ ಅಪ್ಪಣೆಯಿಲ್ಲದೆ ಡಖಾವ್‌ಗೆ ವಾಪಸ್ ಬಂದರು. ಸೇನೆಯಲ್ಲಿ ಇದು ಸಣ್ಣ ತಪ್ಪಲ್ಲ. ಆದರೆ ಜೂನ್‌ನಲ್ಲಿ ಪಟ್ಟಿಯ ಮೊದಲ ಸಂಪುಟ ಅಚ್ಚಾಯಿತು. ಆಮೇಲೆ ಇನ್ನಷ್ಟು ಬಂದವು.

ನಾಜಿಗಳೂ ಪಟ್ಟಿ ಇಟ್ಟಿದ್ದರು, ಅಲ್ವಾ? ಅಲ್ಲಿ ಕೈದಿಗೊಂದು ನಂಬರು. ಅದು ಕಾವಲಿನವರ ಅನುಕೂಲಕ್ಕೆ. ಕ್ಲಾಸ್ನರ್ ಪಟ್ಟಿ ಇರುವುದು ಅಣ್ಣನೋ ಹೆಂಡತಿಯೋ ಬಂದು ಹುಡುಕಲಿ ಅಂತ.

ಇಟಲಿಯ ಗಡಿಯ ತಾರ್ವಿಸಿಯೋದಲ್ಲೂ ಇದೇ ಹುಡುಕಾಟ. ಬ್ರಿಟಿಷ್ ಸೇನೆಯ ಯಹೂದಿ ಬ್ರಿಗೇಡ್ ಅಲ್ಲಿತ್ತು. ಪ್ಯಾಲೆಸ್ಟೈನ್‌ನಿಂದ ಬಂದ ಸುಮಾರು 5,000 ಸೈನಿಕರು. ನಾಜಿಗಳು ಯಾವ ಆರು ಮೂಲೆಯ ನಕ್ಷತ್ರವನ್ನು ಬಟ್ಟೆಗೆ ಹೊಲಿಸಿ ಯಹೂದಿಗಳನ್ನು ಅವಮಾನಿಸಿದ್ದರೋ, ಅದೇ ನಕ್ಷತ್ರ ಇವರ ಸಮವಸ್ತ್ರದ ತೋಳಿನಲ್ಲಿತ್ತು. ಶಿಬಿರಗಳಿಂದ ಬಂದವರನ್ನು ಇವರು ಸೇನೆಯ ಲಾರಿಗಳಲ್ಲೇ ಗುಟ್ಟಾಗಿ ಇಟಲಿಯೊಳಗೆ ಸಾಗಿಸಿದರು. ಸೈನಿಕರಲ್ಲಿ ಹಲವರು ಯುರೋಪಿನಲ್ಲೇ ಹುಟ್ಟಿದವರು, ಅಪ್ಪ ಅಮ್ಮನನ್ನು ಅಲ್ಲೇ ಬಿಟ್ಟು ಹೋದವರು. ಹಾಗಾಗಿ ಪ್ರಶ್ನೆ ಎರಡೂ ಕಡೆಯಿಂದ ಬರುತ್ತಿತ್ತು. ಇಂಥ ಭೇಟಿಗಳನ್ನು 'ಕಾಪಾಡಿದವರು, ಕಾಪಾಡಲ್ಪಟ್ಟವರು' ಅಂತ ಎರಡು ಪಾಲು ಮಾಡಿ ಬರೆಯುವುದು ನನಗೆ ಒಪ್ಪಿಗೆಯಿಲ್ಲ.

ಇಂಥ ಪಟ್ಟಿಗಳಲ್ಲಿ ಹುಡುಕುವವರಿಗೆ ಒಂದು ಮಾತು. ನಮ್ಮ ಮತದಾರರ ಪಟ್ಟಿಯಲ್ಲಿ ಲಕ್ಷ್ಮಿ, ಲಕ್ಷ್ಮೀ, ಲಕ್ಷ್ಮಮ್ಮ ಒಬ್ಬರೇ ಆಗಿರಬಹುದು. ಇಲ್ಲೂ ಹಾಗೇ. ಶ್ವಾರ್ಟ್ಸ್ ಎಂಬ ಹೆಸರು ಜರ್ಮನ್‌ನಲ್ಲಿ ಎಸ್-ಸಿ-ಎಚ್‌ನಿಂದ ಶುರುವಾದರೆ ಪೋಲಿಷ್‌ನಲ್ಲಿ ಎಸ್-ಝೆಡ್‌ನಿಂದ. ಸುಮ್ನೆ ಕಾಗುಣಿತ ನಂಬಿ ಕೂರಬೇಡಿ. ಉಚ್ಚಾರ ಹಿಡಿದು ಹುಡುಕಿ, ಊರು ಹೊಂದುತ್ತಾ ನೋಡಿ. ಹೆಂಗಸರಾದರೆ ಮದುವೆಗೆ ಮುಂಚಿನ ಹೆಸರನ್ನೂ ಬಿಡಬೇಡಿ.