ಸಿನ್ಸಿನಾಟಿ ಸಂಘದ ಹದ್ದು: ವಂಶಸಂಘದ ಲಾಂಛನ ಓದೋದು ಹೇಗೆ?

ಅಮೆರಿಕದಲ್ಲಿ ಕೆಲವು ಸಂಘಗಳಿವೆ, ಬರೀ ದುಡ್ಡು ಕಟ್ಟಿ ಮೆಂಬರ್ ಆಗೋಕಾಗಲ್ಲ, ನಮ್ಮ ಪೂರ್ವಜರು ಇಂಥ ಯುದ್ಧದಲ್ಲಿ ಇದ್ರು ಅಂತ ತಲೆಮಾರು ತಲೆಮಾರಿನ ದಾಖಲೆ ತೋರಿಸ್ಬೇಕು. ಇವನ್ನ ವಂಶಸಂಘ ಅನ್ನಬಹುದು. ಇವರು ಎದೆಗೆ ಹಾಕ್ಕೊಳ್ಳೋ ಪದಕದಲ್ಲಿರೋ ಲಾಂಛನದ ಮೂಲ ಯುರೋಪಿನ ರಾಜಮನೆತನಗಳ ಪದ್ಧತಿ, ಪ್ರಾಣಿಪಕ್ಷಿ, ಬಣ್ಣದ ರಿಬ್ಬನ್, ಸುತ್ತ ಲ್ಯಾಟಿನ್ ಸಾಲು, ಎಲ್ಲಾ ಅಲ್ಲಿಂದ್ಲೇ ಬಂದಿದ್ದು. ಆದ್ರೆ ರಾಜನೇ ಬೇಡ ಅಂತ ಹೊಡೆದಾಡಿದ ದೇಶದಲ್ಲಿ ಲಾಂಛನ ದಯಪಾಲಿಸೋಕೆ ರಾಜ ಎಲ್ಲಿಂದ ಬರ್ಬೇಕು, ಹಾಗಾಗಿ ಸಂಘದೋರೇ ಕೂತು ಮಾಡ್ಕೊಂಡ್ರು.

ಇದರಲ್ಲಿ ಎಲ್ಲಕ್ಕಿಂತ ಹಳೇದು ಸೊಸೈಟಿ ಆಫ್ ದಿ ಸಿನ್ಸಿನಾಟಿ. ಬ್ರಿಟಿಷರ ವಿರುದ್ಧದ ಸ್ವಾತಂತ್ರ್ಯ ಯುದ್ಧ ಮುಗೀತಾ ಬಂದಾಗ, 1783ರ ಮೇನಲ್ಲಿ, ನ್ಯೂಯಾರ್ಕ್ ಕಡೆ ಕ್ಯಾಂಪಲ್ಲಿದ್ದ ಅಧಿಕಾರಿಗಳು ಕಟ್ಟಿದ್ದು, ಐಡಿಯಾ ಜನರಲ್ ಹೆನ್ರಿ ನಾಕ್ಸ್ ಅವರದು, ಸಂಘದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್. ಒಬ್ಬೊಬ್ಬರೂ ಒಂದು ತಿಂಗಳ ಸಂಬಳ ಹಾಕಿ ಕಷ್ಟದಲ್ಲಿರೋ ಅಧಿಕಾರಿಗಳಿಗೆ, ಅವರ ವಿಧವೆಯರಿಗೆ ನಿಧಿ ಮಾಡೋದು ಉದ್ದೇಶ.

ಪದಕ ಡಿಸೈನ್ ಮಾಡಿದ್ದು ಫ್ರೆಂಚ್ ಎಂಜಿನಿಯರ್ ಪಿಯರ್ ಲಾನ್‌ಫಾಂ, ಮುಂದೆ ವಾಷಿಂಗ್ಟನ್ ನಗರದ ನಕ್ಷೆ ಹಾಕಿದ್ದೂ ಇವರೇ. ಮೊದಲು ದುಂಡನೆ ಪದಕ ಅಂತಿತ್ತು, ಇವರು ಬೇಡ ಅಂದ್ರು, ಈ ಖಂಡಕ್ಕೇ ಸೇರಿದ ಬಿಳಿ ತಲೆಯ ಹದ್ದಿನ ಆಕಾರವೇ ಇರ್ಲಿ ಅಂತ. ಹದ್ದಿನ ಎದೆ ಮೇಲೊಂದು ಪುಟ್ಟ ಚಿತ್ರ ಇದೆ, ಅಸಲಿ ವಿಷಯ ಇರೋದು ಅದರಲ್ಲೇ. ಹಳೇ ರೋಮಿನ ಮೂವರು ಸೆನೆಟರ್‌ಗಳು ಒಬ್ಬ ರೈತನಿಗೆ ಕತ್ತಿ ಕೊಡ್ತಿದ್ದಾರೆ, ಹಿಂದೆ ಗುಡಿಸಲ ಬಾಗಿಲಲ್ಲಿ ಹೆಂಡತಿ, ಪಕ್ಕದಲ್ಲಿ ನೇಗಿಲು. ಆ ರೈತ ರೋಮಿನ ಸಿನ್ಸಿನ್ನಾಟಸ್, ಸಂಘದ ಹೆಸರು ಬಂದಿದ್ದು ಇವನಿಂದ್ಲೇ. ಕಥೆ ಪ್ರಕಾರ ಊರು ಆಪತ್ತಲ್ಲಿದ್ದಾಗ ಉಳೋದು ಬಿಟ್ಟು ಬಂದು ಸರ್ವಾಧಿಕಾರ ಹಿಡಿದು, ಶತ್ರುಗಳನ್ನ ಸೋಲಿಸಿ, ಹದಿನೈದು ಹದಿನಾರು ದಿನಕ್ಕೇ ಅಧಿಕಾರ ವಾಪಸ್ ಕೊಟ್ಟು ಮತ್ತೆ ಹೊಲಕ್ಕೆ ಹೋದ. ಸುತ್ತ ಇರೋ ಲ್ಯಾಟಿನ್ ಸಾಲಿನ ಅರ್ಥ, ಗಣರಾಜ್ಯದ ರಕ್ಷಣೆಗೆ ಎಲ್ಲವನ್ನೂ ಬಿಟ್ಟು ಬಂದ. ಪದಕದ ಹಿಂಬದಿಯಲ್ಲಿ ಹುಟ್ಟೋ ಸೂರ್ಯ, ಬಾಗಿಲು ತೆರೆದ ನಗರ, ಬಂದರಿಗೆ ಬರ್ತಿರೋ ಹಡಗು, ಅಂದ್ರೆ ಶಾಂತಿ ಬಂತು, ವ್ಯಾಪಾರ ಶುರುವಾಯ್ತು. ರಿಬ್ಬನ್ನಿನ ನೀಲಿ-ಬಿಳಿ, ಯುದ್ಧದಲ್ಲಿ ಜೊತೆಗೂಡಿದ ಅಮೆರಿಕ ಫ್ರಾನ್ಸ್ ಸ್ನೇಹಕ್ಕೆ.

ನನಗೆ ಈ ಪದಕ ಬಹಳ ಮುಖ್ಯ ಅನ್ಸೋದು ಯಾಕಂದ್ರೆ ಚಿತ್ರ ಹೇಳೋದು ಅಧಿಕಾರ ಬಿಟ್ಟುಕೊಡು ಅಂತ, ಆದ್ರೆ ಸಂಘದ ನಿಯಮ ಪ್ರಕಾರ ಅದೇ ಪದಕ ಅಪ್ಪನಿಂದ ಹಿರಿ ಮಗನಿಗೆ ಹೋಗತ್ತೆ! ಜನಕ್ಕೆ ಇದು ತಕ್ಷಣ ಕಣ್ಣಿಗೆ ಬಿತ್ತು, ಹುಟ್ಟಿನಿಂದ್ಲೇ ದೊಡ್ಡೋರು ಅನ್ನೋ ಹೊಸ ಕುಲೀನ ವರ್ಗ ಹುಟ್ಟಿಸ್ತಿದ್ದಾರೆ ಅಂತ ಗಲಾಟೆ ಆಯ್ತು. ಅಮೆರಿಕದ ಹಿರಿಯ ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್ 1784ರ ಜನವರಿಯಲ್ಲಿ ಮಗಳಿಗೆ ಬರೆದ ಪತ್ರದಲ್ಲಿ ಲೆಕ್ಕನೇ ಹಾಕಿದ್ರು, ಒಂಬತ್ತು ತಲೆಮಾರಾದ್ಮೇಲೆ ವಂಶಸ್ಥನಲ್ಲಿ ಮೂಲ ಪುರುಷನ ಪಾಲು 512ರಲ್ಲಿ ಒಂದು ಮಾತ್ರ, ಗೌರವ ಕೊಡೋದಾದ್ರೆ ಮಕ್ಕಳಿಗಲ್ಲ, ಬೆಳೆಸಿದ ತಂದೆತಾಯಿಗೆ ಕೊಡಿ ಅಂತ. ಸರಿಯಾದ ಮಾತು ಅನ್ಸತ್ತೆ. ವಾಷಿಂಗ್ಟನ್ ಕೂಡ ಅದೇ ವರ್ಷ ವಂಶಪಾರಂಪರ್ಯದ ನಿಯಮ ತೆಗೀರಿ ಅಂದ್ರು, ಆದ್ರೆ ಕೆಲವು ರಾಜ್ಯಗಳ ಶಾಖೆಗಳು ಒಪ್ಪಲಿಲ್ಲ, ನಿಯಮ ಉಳೀತು. ಫ್ರೆಂಚ್ ನೌಕಾ ಅಧಿಕಾರಿಗಳು ವಾಷಿಂಗ್ಟನ್‌ಗೆ ಕೊಟ್ಟ ವಜ್ರದ ಹದ್ದು ಸಂಘದ ಒಬ್ಬ ಅಧ್ಯಕ್ಷರಿಂದ ಇನ್ನೊಬ್ಬರಿಗೆ ಹೋಗತ್ತೆ. ಅವರ ಇನ್ನೊಂದು ಹದ್ದನ್ನ ಮನೆಯವರು 1824ರಲ್ಲಿ, ಅಮೆರಿಕದ ಪರ ಹೊಡೆದಾಡಿದ್ದ ಫ್ರೆಂಚ್ ಸೇನಾನಿ ಲಾಫಯೆಟ್‌ಗೆ ಕೊಟ್ರು, ಅದು 2007ರಲ್ಲಿ 50 ಲಕ್ಷ ಡಾಲರಿಗೂ ಮೇಲೆ ಹರಾಜಾಯ್ತು.

ಈ ಹದ್ದಿನ ಚಿತ್ರದಲ್ಲಿ ಹೆಂಗಸು ಬಾಗಿಲಲ್ಲಿ ನಿಂತಿರ್ತಾಳೆ ಅಷ್ಟೇ. 1890ರಲ್ಲಿ ಶುರುವಾದ ಡಾಟರ್ಸ್ ಆಫ್ ದಿ ಅಮೆರಿಕನ್ ರೆವಲ್ಯೂಷನ್ ಅನ್ನೋ ಮಹಿಳೆಯರ ವಂಶಸಂಘದ ಲಾಂಛನ ನೋಡಿದ್ರೆ ಅಲ್ಲಿ ಅವಳ ಕೆಲಸನೇ ಮುಂದೆ ಬಂದಿದೆ: ನೂಲೋ ರಾಟೆ, ಅದರ ಅಂಚಲ್ಲಿ 13 ವಸಾಹತುಗಳಿಗೆ 13 ನಕ್ಷತ್ರ. ಬ್ರಿಟಿಷ್ ಬಟ್ಟೆ ಬೇಡ ಅಂತ ಬಹಿಷ್ಕಾರ ಹಾಕಿದಾಗ ಮನೆಮನೆಯಲ್ಲಿ ನೂಲು ತೆಗೆದಿದ್ದು ಹೆಂಗಸರೇ, ಹಾಗಾಗಿ ಕತ್ತಿಗಿಂತ ಈ ರಾಟೆ ಅವರಿಗೆ ಸರಿಯಾಗಿ ಒಪ್ಪತ್ತೆ.