ತಂಬೂರಿಯ ನಾದಕ್ಕೆ ಎಷ್ಟು ಬಿಟ್ ಬೇಕು?

ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ರೋಣದ ಭೀಮಸೇನ ಜೋಶಿ. ಹುಬ್ಬಳ್ಳಿ-ಧಾರವಾಡದಲ್ಲಿ ಸಂಗೀತ ಸಂಗ್ರಹಿಸುವವರ ಕಪಾಟು ಈ ಹೆಸರುಗಳಿಲ್ಲದೆ ತುಂಬುವುದಿಲ್ಲ. ಒಳ್ಳೆಯ ಸ್ಪೀಕರ್ ತಂದಮೇಲೆ ಅವರಲ್ಲಿ ಹಲವರಿಗೆ ಏಳುವ ಪ್ರಶ್ನೆ: ಇನ್ನು ಸಾದಾ ಸಿ.ಡಿ. ಬಿಟ್ಟು, ಧ್ವನಿಯನ್ನು ಹೆಚ್ಚು ವಿವರವಾಗಿ ಬರೆದಿಡುವ ಎಸ್‌ಎಸಿಡಿ (ಸೂಪರ್ ಆಡಿಯೊ ಸಿ.ಡಿ.), ಡಿವಿಡಿ-ಆಡಿಯೊ, ಬ್ಲೂ-ರೇ ಆಡಿಯೊ ಡಿಸ್ಕ್‌ಗಳನ್ನೇ ಕೊಳ್ಳಬೇಕೇ? ಕೊಳ್ಳಿ. ಆದರೆ ಕವರಿನ ಮೇಲಿನ ಅಂಕಿಗಿಂತ ಮೊದಲು ಮೂಲ ಧ್ವನಿಮುದ್ರಣ ಎಂಥದ್ದೆಂದು ವಿಚಾರಿಸಿ.

1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆಯುತ್ತದೆ, ಪ್ರತಿ ಅಳತೆಯನ್ನೂ 16 ಬಿಟ್‌ಗಳಲ್ಲಿ, ಅಂದರೆ 0 ಅಥವಾ 1 ಎಂಬ 16 ಅಂಕಿಗಳಲ್ಲಿ, ಬರೆದಿಡುತ್ತದೆ. ಡಿವಿಡಿ-ಆಡಿಯೊದಲ್ಲಿ ಇದು 1,92,000 ಸಲ, 24 ಬಿಟ್‌ವರೆಗೆ ಹೋಗಬಲ್ಲದು. 1999ರ ಎಸ್‌ಎಸಿಡಿಯ ದಾರಿ ಬೇರೆ: ಒಂದೇ ಬಿಟ್, ಸೆಕೆಂಡಿಗೆ 28 ಲಕ್ಷಕ್ಕೂ ಹೆಚ್ಚು ಸಲ.

ಸಿ.ಡಿ. ಧ್ವನಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸುತ್ತದೆ, ಹೊಸ ಡಿಸ್ಕ್ ಅದನ್ನು ನುಣುಪಾಗಿಸುತ್ತದೆ ಎಂದು ಅಂಗಡಿಯವರು ಚಿತ್ರ ತೋರಿಸುತ್ತಾರೆ. ಆ ಚಿತ್ರವೇ ತಪ್ಪು. ಒಂದು ಅಲೆಯನ್ನು ಅದರ ಕಂಪನಸಂಖ್ಯೆಯ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆದರೆ ಸಾಕು, ಆ ಅಳತೆಗಳಿಂದ ಇಡೀ ಅಲೆ ಮತ್ತೆ ನುಣುಪಾಗಿಯೇ ಮೂಡುತ್ತದೆ. ಇದು ಸಾಬೀತಾದ ಗಣಿತ. ನಮ್ಮ ಕಿವಿ ಎಳೆ ವಯಸ್ಸಿನಲ್ಲಿ ಸುಮಾರು 20,000 ಹರ್ಟ್ಸ್‌ವರೆಗೆ (ಸೆಕೆಂಡಿಗೆ 20,000 ಕಂಪನಗಳವರೆಗೆ) ಕೇಳುತ್ತದೆ, ವಯಸ್ಸಾದಂತೆ ಆ ಮಿತಿ ಇಳಿಯುತ್ತ ಬರುತ್ತದೆ. ಸಿ.ಡಿ.ಯ ಮಿತಿ 44,100ರ ಅರ್ಧ, ಅಂದರೆ 22,050.

ತಂಬೂರಿಯನ್ನೇ ತೆಗೆದುಕೊಳ್ಳೋಣ. ತಂತಿಗೆ ಆಸರೆಯಾದ ಅಗಲವಾದ ಕುದುರೆಯನ್ನು ಸವರುತ್ತ ತಂತಿ ಕಂಪಿಸುವುದರಿಂದ, ನಡುವೆ ಸಿಕ್ಕಿಸಿದ ನೂಲಿನ ಎಳೆಯಿಂದ, ಒಂದೇ ಮೀಟಿಗೆ ಉಪಸ್ವರಗಳ, ಅಂದರೆ ಮೂಲ ಸ್ವರದ ಎರಡು, ಮೂರು, ನಾಲ್ಕು ಪಟ್ಟು ಕಂಪನದ ಸ್ವರಗಳ, ದೊಡ್ಡ ಸಾಲೇ ಏಳುತ್ತದೆ. ಷಡ್ಜ 130 ಹರ್ಟ್ಸ್ ಇದ್ದರೆ ಅದರ ಐದು ಪಟ್ಟು 650. ಯಾರೂ ಮೀಟದ ಗಾಂಧಾರ ಅಲ್ಲಿ ತಾನಾಗಿ ಕೇಳಿಸುತ್ತದೆ. ಆ ಷಡ್ಜದ ನೂರೈವತ್ತು ಪಟ್ಟು 19,500. ಅದೂ ಸಿ.ಡಿ.ಯೊಳಗೆ ಹಿಡಿಯುತ್ತದೆ!

ಬಿಟ್‌ಗಳ ಲೆಕ್ಕ ಬೇರೆ. ಒಂದೊಂದು ಬಿಟ್ ಅತಿ ಮೆಲು ದನಿಗೂ ಅತಿ ಜೋರು ದನಿಗೂ ನಡುವಿನ ಅಂತರವನ್ನು ಸುಮಾರು 6 ಡೆಸಿಬೆಲ್ ಹಿಗ್ಗಿಸುತ್ತದೆ. 16 ಬಿಟ್‌ಗೆ ಅದು 96. ರಾತ್ರಿ ಮನೆಯ ನಿಶ್ಶಬ್ದದಲ್ಲೇ 30 ಡೆಸಿಬೆಲ್ ಸದ್ದಿರುತ್ತದೆ; ಅದರ ಮೇಲೆ 96 ಏರಿಸಿದರೆ ಕಿವಿ ನೋಯುತ್ತದೆ. ಧ್ವನಿಮುದ್ರಣ ಮಾಡುವವರಿಗೆ 24 ಬಿಟ್ ಬೇಕು, ಮಟ್ಟ ಹೊಂದಿಸಲು, ತಿದ್ದಲು ಜಾಗ ಸಿಗುತ್ತದೆ. ಕೇಳುವವರಿಗೆ ಅದರ ಅಗತ್ಯ ಬಹಳ ಕಡಿಮೆ.

2007ರಲ್ಲಿ ಮೇಯರ್ ಮತ್ತು ಮೊರಾನ್ ಎಂಬ ಇಬ್ಬರು ಸಂಶೋಧಕರು ಇದನ್ನು ಪರೀಕ್ಷಿಸಿ ನೋಡಿದರು. ಎಸ್‌ಎಸಿಡಿ, ಡಿವಿಡಿ-ಆಡಿಯೊಗಳ ಧ್ವನಿಯನ್ನು ಒಮ್ಮೆ ನೇರವಾಗಿ, ಒಮ್ಮೆ ಸಿ.ಡಿ. ಮಟ್ಟಕ್ಕೆ ಇಳಿಸಿ ಕೇಳಿಸಿದರು. 554 ಸಲದಲ್ಲಿ ಸರಿಯಾಗಿ ಗುರುತಿಸಿದ್ದು 276 ಸಲ. ಕಣ್ಣುಮುಚ್ಚಿ ಊಹಿಸಿದ್ದರೂ ಇಷ್ಟೇ ಬರುತ್ತಿತ್ತು. 2016ರಲ್ಲಿ ಸಂಶೋಧಕ ಜೋಶುವಾ ರೀಸ್ ಇಂಥ ಹಲವು ಪ್ರಯೋಗಗಳನ್ನು ಕೂಡಿಸಿ ನೋಡಿದಾಗ ಸರಿಯಾಗಿ ಗುರುತಿಸಿದ ಸರಾಸರಿ ಶೇ. 52.3, ತರಬೇತಿ ಪಡೆದ ಕಿವಿಗಳು ಇನ್ನೂ ಸ್ವಲ್ಪ ಚೆನ್ನಾಗಿ ಗುರುತಿಸಿದವು. ವ್ಯತ್ಯಾಸವಿದ್ದರೂ ಅದು ಕೂದಲೆಳೆಯಷ್ಟು.

ಹಾಗಿದ್ದೂ ಅನೇಕ ಎಸ್‌ಎಸಿಡಿಗಳು ಸೊಗಸಾಗಿ ಕೇಳಿಸುತ್ತವೆ, ಅದು ಭ್ರಮೆಯಲ್ಲ. ಅವುಗಳಿಗಾಗಿ ತಂತ್ರಜ್ಞರು ಹೆಚ್ಚಾಗಿ ಮೂಲ ಟೇಪನ್ನೇ ಹುಡುಕಿ ತಂದಿರುತ್ತಾರೆ, ಮೆಲು ದನಿಯನ್ನು ಎತ್ತಿ, ಜೋರು ದನಿಯನ್ನು ಅದುಮಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದಿರುವುದಿಲ್ಲ. ವಿಲಂಬಿತ ಖಯಾಲಿನಲ್ಲಿ ಗಾಯಕ ಉಸಿರು ಹಿಡಿದು ಸ್ವರವನ್ನು ತೆಳುವಾಗಿಸುವುದು ಉಳಿಯುವುದೇ ಆ ಸಂಯಮದಿಂದ. ನಾನು ದುಡ್ಡು ಕೊಡುವುದು ಅದಕ್ಕೇ.

ಗಂಗೂಬಾಯಿಯವರ 1930ರ ದಶಕದ ಮೂರು ನಿಮಿಷದ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತಿನ) ಗ್ರಾಮಫೋನ್ ಮುದ್ರಿಕೆಗಳಲ್ಲಿ ನಮಗೆ ಪರಿಚಿತವಾದ ಗಡಸು ಕಂಠವಿಲ್ಲ, ಎಳೆಯ ತಾರ ದನಿಯಿದೆ. ಅಂಥ ಮುದ್ರಿಕೆಗೆ 192 ಕಿಲೋಹರ್ಟ್ಸ್ (ಸೆಕೆಂಡಿಗೆ 1,92,000 ಅಳತೆ) ಏನೂ ಸೇರಿಸದು. ಒಳ್ಳೆಯ ಪ್ರತಿಯಿಂದ, ಸರಿಯಾದ ವೇಗದಲ್ಲಿ, ಗರಗರ ಸದ್ದಿನ ಜೊತೆ ಉಪಸ್ವರವನ್ನೂ ಒರೆಸಿಹಾಕದೆ ಮಾಡಿದ ಸಾದಾ ಸಿ.ಡಿ.ಯೇ ಸರಿ. ಹಿಂದುಸ್ತಾನಿ ಸಂಗೀತ ಎಸ್‌ಎಸಿಡಿಯಲ್ಲಿ ಬಂದದ್ದೂ ಕಡಿಮೆ. ಪಾಶ್ಚಾತ್ಯ ವಾದ್ಯವೃಂದ ಇಷ್ಟಪಡುವವರಿಗೆ ಮಾತ್ರ ಆಯ್ಕೆ ಧಾರಾಳ. ಸುತ್ತಲಿನ ಹಲವು ಸ್ಪೀಕರುಗಳಿಗೆ ಬೇರೆಬೇರೆಯಾಗಿ ಹೋಗುವ ಬಹುವಾಹಿನಿ ಧ್ವನಿಯಲ್ಲಿ ಸಭಾಂಗಣದ ಪ್ರತಿಧ್ವನಿ ಸುತ್ತಲೂ ಕೇಳಿಸುವುದು ನಿಜವಾದ ಲಾಭ.

ಎಸ್‌ಎಸಿಡಿ ಕೊಳ್ಳುವುದಾದರೆ 'ಹೈಬ್ರಿಡ್' ಎಂದು ಬರೆದದ್ದನ್ನೇ ಆರಿಸಿ. ಅದರಲ್ಲಿ ಸಿ.ಡಿ. ಪದರವೂ ಇರುವುದರಿಂದ ಹಳೆಯ ಪ್ಲೇಯರಿನಲ್ಲೂ ನಡೆಯುತ್ತದೆ. ಎಸ್‌ಎಸಿಡಿ ಪದರವನ್ನು ಕಂಪ್ಯೂಟರಿನ ಸಾಮಾನ್ಯ ಡ್ರೈವ್ ಓದುವುದಿಲ್ಲ, ಅದಕ್ಕೆ ತಕ್ಕ ಪ್ಲೇಯರ್ ಬೇಕೇ ಬೇಕು.